ಸವೆದ ವಿಮಾನ, ದಣಿದ ಬೋಧಕ: ಯುದ್ಧಕಾಲದ ತರಬೇತಿ ಘಟಕಗಳಿಂದ ನಾನು ಕಲಿತದ್ದು

ವಿಮಾನ ನಿರ್ವಹಣೆಯ ತಂತ್ರಜ್ಞರಿಗೆ ತರಬೇತಿ ಕೊಡುವುದು ನನ್ನ ಉದ್ಯೋಗ. ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ, ಯಾರೂ ಬರೆದಿಡದ ಒಂದು ಪದ್ಧತಿಯಿದೆ. ಚೆನ್ನಾಗಿರುವ ಉಪಕರಣ ವಿಮಾನಗಳ ದುರಸ್ತಿ ನಡೆಯುವ ಹ್ಯಾಂಗರಿಗೆ ಹೋಗುತ್ತದೆ, ಸವೆದದ್ದು ತರಬೇತಿ ವಿಭಾಗಕ್ಕೆ ಬರುತ್ತದೆ; ವಿಮಾನದ ಕೆಲಸಕ್ಕೆ ಚುರುಕಾದ ಎಂಜಿನಿಯರನ್ನು ಇಟ್ಟುಕೊಂಡು, ನೈಟ್ ಶಿಫ್ಟ್ ಮುಗಿಸಿದವರನ್ನು ಪಾಠ ಮಾಡಲು ಕಳಿಸುತ್ತಾರೆ. ಈ ಪದ್ಧತಿಗೆ ತೆರಬೇಕಾದ ಬೆಲೆ ಏನೆಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯು ಬಾಂಬರ್ ಸಿಬ್ಬಂದಿಗಾಗಿ ನಡೆಸಿದ ತರಬೇತಿ ಘಟಕಗಳ ಇತಿಹಾಸವನ್ನು ಓದಿದಾಗ.

ಆಪರೇಷನಲ್ ಟ್ರೈನಿಂಗ್ ಯೂನಿಟ್ ಎಂಬ ಹೆಸರಿನ ಈ ಘಟಕಗಳು 1940ರ ಏಪ್ರಿಲ್‌ನಲ್ಲಿ ಆರಂಭವಾದವು. ಆಬಿಂಗ್ಡನ್‌ನಲ್ಲಿ 10ನೇ ಘಟಕ ವಿಟ್ಲಿ ವಿಮಾನಗಳೊಂದಿಗೆ, ಬ್ಯಾಸಿಂಗ್‌ಬರ್ನ್‌ನಲ್ಲಿ 11ನೇ ಘಟಕ ವೆಲಿಂಗ್ಟನ್‌ಗಳೊಂದಿಗೆ ಕೆಲಸ ಶುರುಮಾಡಿದವು. ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್ ಮತ್ತು ಗನ್ನರ್‌ಗಳು ತಮ್ಮ ತಮ್ಮ ಶಾಲೆಗಳಲ್ಲಿ, ಅನೇಕರು ದೂರದ ಕೆನಡಾದಲ್ಲಿ, ಬೇರೆ ಬೇರೆಯಾಗಿ ಕಲಿತು ಬಂದು ಇಲ್ಲಿ ಮೊದಲ ಬಾರಿಗೆ ಒಂದು ತಂಡವಾಗುತ್ತಿದ್ದರು. ಎಲ್ಲರನ್ನೂ ಒಂದು ಹ್ಯಾಂಗರಿನಲ್ಲಿ ಸೇರಿಸಿ, ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದು ಬಿಡುತ್ತಿದ್ದ ಕ್ರಮ ಬಹಳ ಪ್ರಸಿದ್ಧವಾಗಿದೆ. ತಂಡ ಕಟ್ಟುವುದರ ಬಗ್ಗೆ ಉಪನ್ಯಾಸ ಮಾಡುವವರು ಅದನ್ನು ಉದಾಹರಿಸುವುದನ್ನು ನಾನು ಕೇಳಿದ್ದೇನೆ. ಆದರೆ ಆ ಹ್ಯಾಂಗರಿನ ಹೊರಗೆ ಅವರಿಗಾಗಿ ಯಾವ ವಿಮಾನಗಳು ನಿಂತಿದ್ದವು ಎಂಬುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಪ್ರಶ್ನೆ.

ಅಲ್ಲಿದ್ದವುಗಳಲ್ಲಿ ಹೆಚ್ಚಿನವು ಮುಂಚೂಣಿಯ ಸ್ಕ್ವಾಡ್ರನ್‌ಗಳು ಹಾರಿಸಿ ಸವೆಸಿ, ಹೊಸ ಮಾದರಿ ಬಂದೊಡನೆ ಬಿಟ್ಟುಕೊಟ್ಟ ವಿಮಾನಗಳು. ಎನ್2980 ಎಂಬ ವೆಲಿಂಗ್ಟನ್‌ನ ಚರಿತ್ರೆಯಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. 1939ರ ಡಿಸೆಂಬರ್ 18ರಂದು ಜರ್ಮನಿಯ ಹೆಲಿಗೋಲ್ಯಾಂಡ್ ಕೊಲ್ಲಿಯ ಮೇಲೆ ಹಗಲಿನಲ್ಲೇ ನಡೆದ ದಾಳಿಯಲ್ಲಿ ಅದು ಭಾಗವಹಿಸಿತ್ತು. ಅಂದು ಹೋದ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾದರೂ ಇದು ಉಳಿದು ಬಂತು. ಮುಂದಿನ ವರ್ಷ ಅದನ್ನು ಸ್ಕಾಟ್ಲೆಂಡಿನ ಲಾಸಿಮೌತ್‌ನಲ್ಲಿದ್ದ 20ನೇ ತರಬೇತಿ ಘಟಕಕ್ಕೆ ಕೊಟ್ಟರು. 1940ರ ಡಿಸೆಂಬರ್ 31ರಂದು ನ್ಯಾವಿಗೇಟರ್ ಅಭ್ಯರ್ಥಿಗಳನ್ನು ಹೊತ್ತು ಹಿಮ ಬೀಳುತ್ತಿದ್ದ ಗುಡ್ಡಗಳ ಮೇಲೆ ಹಾರುತ್ತಿದ್ದಾಗ ಅದರ ಬಲ ಎಂಜಿನ್ ಕೆಟ್ಟುನಿಂತಿತು. ಆ ಮಾದರಿಯ ವೆಲಿಂಗ್ಟನ್ ಒಂದೇ ಎಂಜಿನ್ನಿನ ಬಲದಲ್ಲಿ ಎತ್ತರ ಕಾಯ್ದುಕೊಳ್ಳುವುದು ಕಷ್ಟ. ಪೈಲಟ್ ಸಿಬ್ಬಂದಿಗೆ ಪ್ಯಾರಾಚೂಟಿನಲ್ಲಿ ಧುಮುಕಲು ಹೇಳಿದರು. ಹಿಂಬದಿಯ ಗನ್ನರ್ ಆ ಪ್ರಯತ್ನದಲ್ಲೇ ಪ್ರಾಣ ಕಳೆದುಕೊಂಡರು. ಪೈಲಟ್ ಮತ್ತು ಸಹಪೈಲಟ್ ವಿಮಾನವನ್ನು ನೆಸ್ ಸರೋವರದ ನೀರಿನ ಮೇಲೆ ಇಳಿಸಿ ಬದುಕಿಕೊಂಡರು. 1985ರಲ್ಲಿ ಮೇಲೆತ್ತಿದ ಆ ವಿಮಾನ, ತಾನು ತಯಾರಾದ ವೇಬ್ರಿಡ್ಜ್‌ನಲ್ಲೇ ಇರುವ ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಶತ್ರುವಿನ ಗುಂಡಿನಿಂದ ಪಾರಾಗಿ ಬಂದ ವಿಮಾನವೊಂದು ಪಾಠದ ಹಾರಾಟದಲ್ಲಿ ಹಾಳಾಯಿತು ಎಂಬುದನ್ನು ನಾನು ಪ್ರತಿ ಹೊಸ ತಂಡಕ್ಕೂ ತಪ್ಪದೆ ಹೇಳುತ್ತೇನೆ.

ಇದು ಒಂದು ವಿಮಾನದ ದುರದೃಷ್ಟವಾಗಿರಲಿಲ್ಲ. ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸೇವೆ ಸಲ್ಲಿಸಿದ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತರು, ಅವರಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತದ್ದು ತರಬೇತಿಯ ಅವಧಿಯಲ್ಲಿ. ಅವರು ಹಾಕಿದ ಬಾಂಬುಗಳಿಂದ ಸತ್ತ ನಾಗರಿಕರ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು ಎಂಬುದನ್ನು ಮರೆತು ಈ ಲೆಕ್ಕವನ್ನು ಹೇಳಲಾಗದು. ಆದರೂ ಕಲಿಯುವ ಜಾಗದಲ್ಲೇ ಇಷ್ಟು ಜನ ಸತ್ತದ್ದು ಏಕೆ ಎಂದು ತರಬೇತಿಯ ಕೆಲಸದಲ್ಲಿರುವವರು ಕೇಳಿಕೊಳ್ಳಲೇಬೇಕು. ಹವಾಮಾನ, ಕತ್ತಲು ಮತ್ತು ಅನನುಭವ ಇದ್ದೇ ಇದ್ದವು. ಅವುಗಳ ಮೇಲೆ ಸವೆದ ಎಂಜಿನ್ ಮತ್ತು ಬಿಡುವಿಲ್ಲದ ಬೋಧಕ ಸೇರಿಕೊಂಡಾಗ ಪಾರಾಗುವ ಅವಕಾಶ ಕಿರಿದಾಯಿತು. ಆ ಬೋಧಕರಲ್ಲಿ ಬಹುಪಾಲು ಮಂದಿ 30 ದಾಳಿಗಳ ಸರದಿ ಮುಗಿಸಿ ವಿಶ್ರಾಂತಿಯ ಹೆಸರಿನಲ್ಲಿ ಬಂದವರು. ಕಲಿಸುವುದನ್ನು ಕಲಿತವರು ಅವರಲ್ಲಿ ಕಡಿಮೆ, ಮತ್ತು ಹೊಸಬನೊಬ್ಬ ರಾತ್ರಿ ವಿಮಾನ ಇಳಿಸುವಾಗ ಪಕ್ಕದಲ್ಲಿ ಕೂರುವುದು ಯಾವ ಲೆಕ್ಕದಲ್ಲೂ ವಿಶ್ರಾಂತಿಯಲ್ಲ.

ಮುಂಚೂಣಿಯ ಅಗತ್ಯ ಹೆಚ್ಚಿದಾಗಲೆಲ್ಲ ಕೈ ಹಾಕಿದ್ದು ತರಬೇತಿಯ ಬುತ್ತಿಗೇ. 1942ರ ಮೇ 30ರ ರಾತ್ರಿ ಕಲೋನ್ ನಗರದ ಮೇಲೆ ಕಳಿಸಿದ 1,047 ವಿಮಾನಗಳಲ್ಲಿ ಸುಮಾರು ಮೂರನೇ ಒಂದು ಭಾಗ ತರಬೇತಿ ಘಟಕಗಳದ್ದು. ಸಾವಿರದ ಸಂಖ್ಯೆ ತುಂಬಿಸಲು ಬೋಧಕರನ್ನೂ ಕಲಿಯುವವರನ್ನೂ ಹಾರಿಸಿದರು. ಜೂನ್ 25ರ ರಾತ್ರಿ ಬ್ರೆಮೆನ್ ಮೇಲಿನ ದಾಳಿಯಲ್ಲಿ 91ನೇ ತರಬೇತಿ ಗುಂಪು ಕಳಿಸಿದ 198 ವಿಮಾನಗಳಲ್ಲಿ 23 ಮರಳಲಿಲ್ಲ. ನಾಲ್ಕು ಎಂಜಿನ್ನಿನ ವಿಮಾನಗಳ ಕಲಿಕೆಗಾಗಿ ಆಮೇಲೆ ಬಂದ ಹೆವಿ ಕನ್ವರ್ಷನ್ ಯೂನಿಟ್‌ಗಳಿಂದಲೂ 1943ರ ಕೊನೆಯ ಹೊತ್ತಿಗೆ ಲ್ಯಾಂಕಾಸ್ಟರ್ ಬಾಂಬರ್‌ಗಳನ್ನು ಹಿಂತೆಗೆದು ಸ್ಕ್ವಾಡ್ರನ್‌ಗಳಿಗೆ ಕೊಟ್ಟರು; ಅಭ್ಯರ್ಥಿಗಳು ಸ್ಟರ್ಲಿಂಗ್ ಅಥವಾ ಹ್ಯಾಲಿಫ್ಯಾಕ್ಸ್‌ನಲ್ಲಿ ಕಲಿತು, ಲ್ಯಾಂಕಾಸ್ಟರ್‌ಗೆಂದು ಬೇರೆಯಾಗಿ ತೆರೆದ ಶಾಲೆಯಲ್ಲಿ ಕೆಲವೇ ಗಂಟೆ ಹಾರಿ ಯುದ್ಧಕ್ಕೆ ಹೋದರು. ನಮ್ಮ ಕೋಲಾರದಲ್ಲೂ ಅಂಥದ್ದೇ ಒಂದು ಘಟಕವಿತ್ತು ಎಂಬುದು ಇಲ್ಲಿ ಅನೇಕರಿಗೆ ತಿಳಿದಿಲ್ಲ. ಲಿಬರೇಟರ್ ವಿಮಾನಗಳನ್ನಿಟ್ಟುಕೊಂಡಿದ್ದ 1673ನೇ ಹೆವಿ ಕನ್ವರ್ಷನ್ ಯೂನಿಟ್‌ನ ಸಿಬ್ಬಂದಿಯನ್ನೂ ಸಾಮಗ್ರಿಯನ್ನೂ ಬಳಸಿಯೇ 1944ರ ನವೆಂಬರ್ 8ರಂದು 358ನೇ ಸ್ಕ್ವಾಡ್ರನ್ ಕಟ್ಟಿದರು.

ನನ್ನ ಕೆಲಸಕ್ಕೆ ಬಂದರೆ, ಹಿಂದೆ ನಾನಿದ್ದ ಒಂದು ಸಂಸ್ಥೆಯ ತರಬೇತಿ ಕೊಠಡಿಯಲ್ಲಿ ಕ್ಯಾಲಿಬ್ರೇಷನ್ (ನಿಖರತೆಯ ತಪಾಸಣೆ) ಅವಧಿ ಮೀರಿದ ಟಾರ್ಕ್ ರೆಂಚ್‌ಗಳನ್ನು, ಅಂದರೆ ನಿಗದಿತ ಬಿಗಿ ಬಂದೊಡನೆ ಟಕ್ಕೆನ್ನುವ ಸ್ಪ್ಯಾನರ್‌ಗಳನ್ನು, ಇಡಲಾಗಿತ್ತು. ಹಿಡಿಯ ಮೇಲಿನ ದಿನಾಂಕದ ಚೀಟಿಯನ್ನು ಕಿತ್ತು, 'ತರಬೇತಿಗೆ ಮಾತ್ರ' ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದರು. ಅದರಿಂದ ವಿಮಾನಕ್ಕೆ ಅಪಾಯವಿಲ್ಲ ಎಂಬುದು ಅವರ ವಾದ. ಆದರೆ ಟಾರ್ಕ್ ರೆಂಚ್ ಹಿಡಿದು ಬೋಲ್ಟ್ ಬಿಗಿಯುವವನು ಟಕ್ ಎಂಬ ಸದ್ದಿನ ಜೊತೆಗೆ, ಅದಕ್ಕೆ ಮುಂಚೆ ಮೊಣಕೈಯಲ್ಲಿ ಕೂಡಿಬರುವ ಬಿಗಿಯನ್ನೂ ಕಲಿಯುತ್ತಾನೆ. ತಡವಾಗಿ ಟಕ್ಕೆನ್ನುವ ರೆಂಚ್‌ನಲ್ಲಿ ನೂರಾರು ಬೋಲ್ಟ್ ಬಿಗಿದವನ ಕೈಗೆ ತಪ್ಪು ಬಿಗಿಯೇ ಸರಿ ಎಂದು ರೂಢಿಯಾಗುತ್ತದೆ, ಮತ್ತು ಆ ಕೈ ಮುಂದೆ ಹ್ಯಾಂಗರಿಗೆ ಹೋಗುತ್ತದೆ. ಸವೆದ ಉಪಕರಣದ ಚೀಟಿ ಕಿತ್ತರೂ ಅದರ ದೋಷ ತರಬೇತಿ ಕೊಠಡಿಯಲ್ಲೇ ಉಳಿಯುವುದಿಲ್ಲ.

ಈಗ ನಾನು ಹೊಣೆ ಹೊತ್ತಿರುವ ವಿಭಾಗದಲ್ಲಿ ಉಪಕರಣಗಳು ಹ್ಯಾಂಗರಿನ ಟೂಲ್ ಸ್ಟೋರ್‌ನಿಂದಲೇ, ಅದೇ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಬರುತ್ತವೆ. ಬೋಧನೆಯನ್ನು ರೋಸ್ಟರಿನಲ್ಲಿ ಪೂರ್ಣ ಪ್ರಮಾಣದ ಡ್ಯೂಟಿಯೆಂದೇ ನಮೂದಿಸುತ್ತೇವೆ. ನೈಟ್ ಶಿಫ್ಟ್ ಮುಗಿಸಿದವರು ಅಂದು ಬೆಳಿಗ್ಗೆ ಪಾಠ ಮಾಡುವಂತಿಲ್ಲ. ಇದಕ್ಕೆ ಒಪ್ಪಿಗೆ ಸಿಗಲು ಸಾಕಷ್ಟು ವಾದ ಮಾಡಬೇಕಾಯಿತು. ಜನ ಕಡಿಮೆ ಇರುವಾಗ ಅನುಭವಿ ಎಂಜಿನಿಯರನ್ನು ತರಗತಿಯಲ್ಲಿ ಕೂರಿಸುವುದು ನಷ್ಟವೆಂದು ವೇಳಾಪಟ್ಟಿ ನೋಡಿಕೊಳ್ಳುವವರಿಗೆ ಅನಿಸುವುದು ಸಹಜ, ಏಕೆಂದರೆ ತಡವಾಗಿ ಹೊರಟ ವಿಮಾನ ಅಂದೇ ಲೆಕ್ಕಕ್ಕೆ ಬರುತ್ತದೆ, ಅರೆಬರೆ ಕಲಿತ ತಂತ್ರಜ್ಞ ಬರುವುದಿಲ್ಲ.

ಆ ಯುದ್ಧಕಾಲದ ಘಟಕಗಳು ಒಂದು ವಿಷಯದಲ್ಲಿ ನಮಗಿಂತ ಮುಂದಿದ್ದವು ಎಂದು ನಾನು ಭಾವಿಸುತ್ತೇನೆ. ಅಲ್ಲಿ ಪಾಠ ಹೇಳುತ್ತಿದ್ದವರು ಆ ಕೆಲಸವನ್ನು ಇತ್ತೀಚೆಗಷ್ಟೇ ಸ್ವತಃ ಮಾಡಿ ಬಂದವರಾಗಿದ್ದರು, ಕೆಲವು ತಿಂಗಳ ನಂತರ ಅವರಲ್ಲಿ ಅನೇಕರು ಮತ್ತೆ ಸ್ಕ್ವಾಡ್ರನ್‌ಗೆ ಮರಳುತ್ತಿದ್ದರು. ನಮ್ಮಲ್ಲಾದರೋ ಒಮ್ಮೆ ಬೋಧಕರಾದವರು ವರ್ಷಗಟ್ಟಲೆ ಹಾರುವ ವಿಮಾನವನ್ನು ಮುಟ್ಟದೆ ಇರುವುದುಂಟು. ಬೋಧಕರು ನಿಯತ ಅವಧಿಗೆ ಹ್ಯಾಂಗರಿಗೆ ಹೋಗಿ ಕೆಲಸ ಮಾಡಿ, ತಕ್ಕ ವಿಶ್ರಾಂತಿ ಪಡೆದು ತರಗತಿಗೆ ಮರಳುವ ಸರದಿಯೊಂದನ್ನು ಈಗ ಬರೆದು ಕೊಟ್ಟಿದ್ದೇನೆ. ಅದರ ಮೇಲೆ ಚರ್ಚೆ ನಡೆಯುತ್ತಿದೆ. ವಿಶ್ರಾಂತಿಯ ದಿನಗಳನ್ನು ಕಡಿತಗೊಳಿಸಿದರೆ ಒಪ್ಪುತ್ತೇವೆ ಎಂದು ಬಂದ ಸಲಹೆಯನ್ನು ನಾನು ಒಪ್ಪಿಕೊಂಡಿಲ್ಲ.