ಕಾಟಾ ಖೋಲಿಯ ಗೌಡಕಿ

ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ನೆಟ್‌ವರ್ಕ್ ನೋಡಿಕೊಳ್ಳೋದು ನನ್ನ ಕೆಲಸ. ಹಂಗಾಮಿನಲ್ಲಿ ರಾತ್ರಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಹೋದ ಸಲ ಕಾಟಾದ, ಅಂದರೆ ಕಬ್ಬಿನ ಗಾಡಿ ತೂಗುವ ಕಡೆಯ ಹುಡುಗ, "ಸರ, ಕ್ಯಾಮೆರಾ ಮತ್ತ ನಿಂತಾವ್ರಿ. ಆಫೀಸಿನ್ಯಾಗ ಬಿಲ್ ತೆರಿಯಾಕೂ ಭಾಳ ಹೊತ್ತ ಹಿಡ್ಯಾಕತ್ತೈತ್ರಿ" ಅಂದ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು.

ನಮ್ಮಲ್ಲಿ ಎರಡು ಕೋರ್ ಸ್ವಿಚ್, ಅಂದರೆ ನೆಟ್‌ವರ್ಕಿನ ಮುಖ್ಯ ಪೆಟ್ಟಿಗೆಗಳು. ಅವುಗಳ ನಡುವೆ ಗಿಗಾಬಿಟ್ ಫೈಬರ್. ಎರಡರಿಂದಲೂ ಕಾಟಾ ಖೋಲಿಯ ಹಳೇ ಸ್ವಿಚ್ಚಿಗೆ ನೂರು ಮೆಗಾಬಿಟ್ಟಿನ ಒಂದೊಂದು ಎಳೆ. ಅಂದರೆ ಉಂಗುರ. ಐಪಿ ಪ್ಯಾಕೆಟ್ಟಿಗಿರುವ ಟಿಟಿಎಲ್, ಅಂದರೆ ಇಷ್ಟು ಹೆಜ್ಜೆಗೆ ಸಾಯಬೇಕೆಂಬ ಎಣಿಕೆ, ಸ್ವಿಚ್ಚುಗಳ ನಡುವೆ ಓಡುವ ಈಥರ್ನೆಟ್ ಫ್ರೇಮಿಗಿಲ್ಲ, ಸುತ್ತತೊಡಗಿದರೆ ಸುತ್ತುತ್ತಲೇ ಇರುತ್ತದೆ. ಅದಕ್ಕೇ ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ) ಅನ್ನುವ ನಿಯಮ ಒಂದು ಸ್ವಿಚ್ಚನ್ನು ರೂಟ್, ಅಂದರೆ ಗೌಡ, ಅಂತ ಆರಿಸಿ, ಅದರಿಂದ ಮರ ಹರಡಿ, ಉಳಿದ ಒಂದು ಕೊಂಡಿ ಮುಚ್ಚುತ್ತದೆ.

ಪರದೆ ನೋಡಿದೆ. ವಿಎಲ್ಯಾನ್ (ಅದೇ ತಂತಿಗಳ ಮೇಲೆ ಬೇರೆಯಾಗಿಟ್ಟ ನೆಟ್‌ವರ್ಕ್) 30ರ ರೂಟ್ ಪ್ರಯಾರಿಟಿ 32798; ಈ ಅಂಕಿ ಚಿಕ್ಕದಿದ್ದವನೇ ರೂಟ್. ಮೂಲದ 32768ಕ್ಕೆ ವಿಎಲ್ಯಾನ್ ನಂಬರ್ 30 ಕೂಡಿಸಿದ ಲೆಕ್ಕ. ಯಾರೂ ಕೈ ಹಚ್ಚಿಲ್ಲ ಅಂತ ಅರ್ಥ. ಎಲ್ಲರದೂ ಸಮ ಇದ್ದಾಗ ಚಿಕ್ಕ ಮ್ಯಾಕ್ ವಿಳಾಸದವನಿಗೆ (ತಯಾರಿಕೆಯಲ್ಲೇ ಪೆಟ್ಟಿಗೆಗೆ ಬರುವ ನಂಬರ್) ಗೌಡಕಿ, ಅದು ಬಹಳ ಸಲ ಹಳೇ ಪೆಟ್ಟಿಗೆಯೇ. ಧೂಳು ತಿಂದ ಕಾಟಾ ಸ್ವಿಚ್ ಹದಿನಾಲ್ಕೂ ವಿಎಲ್ಯಾನಿಗೆ ರೂಟ್! ಮುಚ್ಚಿದ್ದು ಯಾವುದು? ಕೋರುಗಳ ನಡುವಿನ ಗಿಗಾಬಿಟ್ ಕೊಂಡಿ. ಆಫೀಸಿನಿಂದ ಕ್ಯಾಮೆರಾ ರೆಕಾರ್ಡರಿಗೆ ಹೋಗೋದೆಲ್ಲ ಕಾಟಾ ಸುತ್ತಿ ಬರುತ್ತಿತ್ತು.

ಪಾಳಿ ಬದಲಾಗುವ ಹೊತ್ತಿಗೆ ಕಾದು ಬಿಲ್ಲಿಂಗಿನ ವಿಎಲ್ಯಾನುಗಳಿಗೆ ಮೊದಲ ಕೋರಿನಲ್ಲಿ 4096, ಕ್ಯಾಮೆರಾದವಕ್ಕೆ ಎರಡನೆಯದರಲ್ಲಿ 4096 ಕೊಟ್ಟೆ. ಹಳೇ ಎಸ್‌ಟಿಪಿ, ಕೊಂಡಿ ತೆರೆಯುವ ಮೊದಲು ಕೇಳೋಕೆ 15 ಸೆಕೆಂಡು, ಕಲಿಯೋಕೆ 15. ಕಾಟಾ ಮೇಲೆ ಗಾಡಿ ನಿಂತಾಗ ಆ ಮೂವತ್ತು ಸೆಕೆಂಡು ಎಷ್ಟು ಉದ್ದ ಅನ್ನೋದು ಡ್ರೈವರನ ಹಾರ್ನ್ ಕೇಳಿದವರಿಗೇ ಗೊತ್ತು. ಆಮೇಲೆ ಬಿಲ್ಲು ಒಂದು ಎಳೆ ಹಿಡಿಯಿತು, ಕ್ಯಾಮೆರಾ ಇನ್ನೊಂದು.

ಆದರೆ ವಿಎಲ್ಯಾನಿಗೊಂದು ಮರ ಅಂದರೆ ಹದಿನಾಲ್ಕು ಮರ, ಆಕಾರ ಮಾತ್ರ ಎರಡೇ. ಹಂಗಾಮು ಮುಗಿದ ಮೇಲೆ ಹಲವು ವಿಎಲ್ಯಾನಿಗೆ ಒಂದೇ ಮರ ಹಂಚುವ ಎಂಎಸ್‌ಟಿಪಿಗೆ ಬಂದೆ: ಎರಡು ಇನ್‌ಸ್ಟನ್ಸ್, ಅಂದರೆ ಎರಡು ಮರ, ಒಂದೊಂದಕ್ಕೂ ಏಳು ವಿಎಲ್ಯಾನ್. ಅಲ್ಲೂ ಎಡವಿದೆ. ಕಾಟಾ ಸ್ವಿಚ್ಚಿನ ಎರಡನೇ ಎಳೆ ಎಲ್ಲ ವಿಎಲ್ಯಾನಿಗೂ ಮುಚ್ಚೇ ಇತ್ತು. ಸ್ವಿಚ್ಚುಗಳು ಒಂದೇ ರೀಜನ್, ಅಂದರೆ ಒಂದೇ ಊರು, ಆಗೋಕೆ ರೀಜನ್ ಹೆಸರು, ರಿವಿಜನ್ ನಂಬರ್, ವಿಎಲ್ಯಾನ್ ಹಂಚಿಕೆ ಮೂರೂ ತಾಳೆಯಾಗಬೇಕು; ಇಲ್ಲದಿದ್ದರೆ ಅದು ಬೇರೆ ಊರು, ಗಡಿಯಲ್ಲಿ ಎಲ್ಲಕ್ಕೂ ಒಂದೇ ಮರ. ಹಂಚಿಕೆಯನ್ನು ಮೂರು ಸಲ ತಿರುವಿದೆ, ಸರಿ ಇತ್ತು. ಹೆಸರಿನಲ್ಲಿ ಕೋರುಗಳಿಗೆ ದೊಡ್ಡ ಬಿ ಹಾಕಿದ್ದೆ, ಕಾಟಾದಲ್ಲಿ ಸಣ್ಣ ಬಿ.