ಆಲಮಟ್ಟಿಯ ಮೀನುಮರಿ ಕೇಂದ್ರದಲ್ಲಿ

ವಿಜಯಪುರದಿಂದ ನಿಡಗುಂದಿ ಹಾದು ಆಲಮಟ್ಟಿಗೆ ಹೋಗುವವರಲ್ಲಿ ಹೆಚ್ಚಿನವರು ಅಣೆಕಟ್ಟನ್ನೂ ಉದ್ಯಾನಗಳನ್ನೂ ನೋಡಿ ಮರಳುತ್ತಾರೆ. ಈ ಮಳೆಗಾಲದಲ್ಲಿ ನಾನು ಹೋದದ್ದು ಅಲ್ಲಿನ ಮೀನುಮರಿ ಉತ್ಪಾದನೆಯನ್ನು ನೋಡಲು.

ಕಟ್ಲಾ, ರೋಹು, ಮೃಗಾಲ್ ಗೆಂಡೆಗಳು ಕೆರೆಯ ನಿಂತ ನೀರಿನಲ್ಲಿ ಮೊಟ್ಟೆ ತುಂಬಿಕೊಂಡರೂ ಸಾಮಾನ್ಯವಾಗಿ ಅಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮುಂಗಾರಿನ ಹರಿಯುವ ಹೊಸ ನೀರು ಬೇಕು. "ಕೆಂಪು ನೀರು ಬಂತಂದ್ರ ಮೀನ ಹಳ್ಳ ಏರತಿದ್ವು ನೋಡ್ ತಮ್ಮಾ" ಎಂದು ದಂಡೆಯಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರು ಹೇಳಿದರು. ಇದನ್ನೇ ನಂಬಿ ಬಂಗಾಳದ ಮೀನುಗಾರರು ಪ್ರವಾಹದ ಅಂಚಿಗೆ ಬಲೆ ಕಟ್ಟಿ ಮೊಟ್ಟೆ, ಮರಿಗಳನ್ನು ಸೋಸಿ, ಮಣ್ಣಿನ ಗಡಿಗೆಗಳಲ್ಲಿ ನೀರು ಕುಲುಕುತ್ತ ದೂರದೂರಿಗೆ ಸಾಗಿಸುತ್ತಿದ್ದರು. ಆ ಮರಿಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು.

ನಮ್ಮ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದಲ್ಲಿ ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕುವ ಮೇವನ್ನೂ ವಿವರಿಸಿದ್ದಾನೆ. ಆದರೆ ಈ ಗೆಂಡೆಗಳಿಂದ ಮೊಟ್ಟೆ ಇಡಿಸುವ ವಿದ್ಯೆ ಕೈಗೂಡಿದ್ದು 1957ರ ಜುಲೈ 10ರಂದು, ಒಡಿಶಾದಲ್ಲಿ, ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರಿಗೆ. ಬೇರೊಂದು ಮೀನಿನ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯನ್ನು ಅರೆದು ಅವರು ಚುಚ್ಚುಮದ್ದಾಗಿ ಕೊಟ್ಟರು. ದೇಶದ ಮೀನು ಕೃಷಿಯಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಸಂಜೆ ಸಿಬ್ಬಂದಿಯವರು ತಳಿ ಮೀನುಗಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಅರೆದ ಗ್ರಂಥಿಯ ಬದಲಿಗೆ ಈಗ ಬಳಸುವ ಸಿದ್ಧ ಹಾರ್ಮೋನನ್ನು ತೂಕಕ್ಕೆ ತಕ್ಕಂತೆ ಚುಚ್ಚಿ, ದುಂಡು ತೊಟ್ಟಿಗೆ ಬಿಟ್ಟರು. ತಳದ ಓರೆ ಕೊಳವೆಗಳಿಂದ ನುಗ್ಗುವ ನೀರು ಅಲ್ಲಿ ಸುತ್ತುತ್ತಲೇ ಇರುತ್ತದೆ. ಹೊಳೆಯ ಸೆಳವಿಗೆ ಬದಲಾಗಿ ಈ ಸುತ್ತು. ಬೆಳಿಗ್ಗೆ ಬಿಳಿ ಬಟ್ಟಲಿನಲ್ಲಿ ತೋರಿಸಿದ ಮೊಟ್ಟೆಗಳು ನೆನೆದ ಸಾಬುದಾಣಿಯಂತಿದ್ದವು. ಜೀವವಿರುವವು ತಿಳಿಯಾಗಿದ್ದು ಒಳಗೆ ಕಪ್ಪು ಗೆರೆ ಮಿಸುಕುತ್ತಿತ್ತು. ಸತ್ತವು ಬೆಳ್ಳಗೆ ಮಂಕಾಗಿದ್ದವು.

ಈ ತೊಟ್ಟಿಗಳಿಗಿಂತ ಮೊದಲು ಕೊಳದಲ್ಲಿ ಗೂಟ ನೆಟ್ಟು ಕಟ್ಟಿದ ಹಾಪಾ ಎಂಬ ಜೋಡಿ ಬಟ್ಟೆಯ ಚೀಲಗಳಲ್ಲಿ ಮರಿ ಮಾಡಿಸುತ್ತಿದ್ದರು. ಒಳಗಿನದು ಸೊಳ್ಳೆಪರದೆ, ಮೊಟ್ಟೆಯೊಡೆದ ಮರಿ ಅದರ ಕಣ್ಣಿನಿಂದ ನುಸುಳಿ ಹೊರಬಟ್ಟೆಗೆ ಇಳಿಯುತ್ತಿತ್ತು, ಸಿಪ್ಪೆ ಒಳಗೇ ಉಳಿಯುತ್ತಿತ್ತು. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಆದರೆ ನೀರು ಕಾದರೂ, ಏಡಿ ಬಟ್ಟೆ ಕಡಿದರೂ ಮರಿಗಳು ಕೈತಪ್ಪುತ್ತಿದ್ದವು. ದುಂಡು ತೊಟ್ಟಿ ನೀಗಿಸಿದ್ದು ಆ ನಷ್ಟವನ್ನು.