ಸಹಿ ಯಾರು ಹಾಕಿದ್ದು?

ಸ್ಟಾಕ್‌ಹೋಮ್‌ನಿಂದ ಬಂದು ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಆದರೂ ಇದನ್ನು ಬರೆದುಬಿಡಬೇಕು ಅನ್ನಿಸ್ತಿದೆ. ಅಲ್ಲಿ ಮಾವ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

ಮಾವ ಸರ್ಕಾರಿ ಇಂಜಿನಿಯರ್ ಆಗಿದ್ದವರು. ನಿವೃತ್ತಿಯಾಗಿ ವರ್ಷಗಳಾದವು, ಆದರೂ ಸೇತುವೆ ಕಂಡರೆ ಕೆಳಗೆ ಬಗ್ಗಿ ಕಂಬ ನೋಡದೆ ಮುಂದೆ ಹೋಗುವುದಿಲ್ಲ. ಮೈದುನ ಅಲ್ಲೇ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ, ಆದರೆ ಊರು ತೋರಿಸುವುದಕ್ಕೂ ಅವನಿಗೆ ಟೈಮ್‌ಟೇಬಲ್ ಬೇಕು. ಬೆಳಿಗ್ಗೆ ಗಮ್ಲಾ ಸ್ಟಾನ್, ಅಂದರೆ ಹಳೇ ಪಟ್ಟಣ. ಕಲ್ಲುಹಾಸಿನ ಇಕ್ಕಟ್ಟು ಓಣಿಗಳು, ಸ್ಟೂರ್‌ಟೋರ್ಯೆಟ್ ಚೌಕದಲ್ಲಿ ಕೆಂಪು ಹಳದಿ ಮನೆಗಳು, ಅವುಗಳ ಮುಂದೆ ಫೋಟೊಗೆ ನಿಂತ ಜನ. 1520ರಲ್ಲಿ ಡೆನ್ಮಾರ್ಕಿನ ರಾಜ ಎಂಬತ್ತಕ್ಕೂ ಹೆಚ್ಚು ಜನರ ತಲೆ ತೆಗೆಸಿದ್ದು ಇದೇ ಚೌಕದಲ್ಲಿ. ಅಲ್ಲಿ ಕೂತು ಐಸ್‌ಕ್ರೀಂ ತಿನ್ನಲು ನನಗೆ ಮನಸ್ಸಾಗಲಿಲ್ಲ. ಅರಮನೆ ಕೆಳಗಿನ ನೀರಿನ ದಂಡೆಯಲ್ಲಿ ಸ್ವಲ್ಪ ನಿಂತು, ಸ್ಲುಸ್ಸೆನ್‌ನಿಂದ ದೋಣಿ ಹತ್ತಿ ಯೂರ್‌ಗೋರ್ಡೆನ್ ದ್ವೀಪಕ್ಕೆ ಹೋದೆವು, ವಾಸಾ ಅನ್ನುವ ಸ್ವೀಡನ್ನಿನ ಹಳೇ ಯುದ್ಧದ ಹಡಗು ನೋಡಲು.

ಮ್ಯೂಸಿಯಂ ಒಳಗೆ ಮಬ್ಬು ಬೆಳಕು. ಎದುರಿಗೆ ಕಪ್ಪು ಮರದ ಆ ಹಡಗು ಇಡೀ ಕಟ್ಟಡ ತುಂಬಿ ನಿಂತಿದೆ. 69 ಮೀಟರ್ ಉದ್ದ, ಹಿಂಭಾಗದ ತುಂಬಾ ಕೆತ್ತನೆ, ಸಿಂಹಗಳು, ಯೋಧರು. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟು, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ, ಊರಿನ ಜನ ದಡದಲ್ಲಿ ನಿಂತು ನೋಡುತ್ತಿದ್ದಂತೆಯೇ ಮುಳುಗಿತು. ಗಾಳಿ ಬೀಸಿ ವಾಲಿದಾಗ ಕೆಳಸಾಲಿನ ತೋಪಿನ ಕಿಂಡಿಗಳು ತೆರೆದೇ ಇದ್ದವು, ನೀರು ಅಲ್ಲಿಂದ ನುಗ್ಗಿತು. ಸುಮಾರು ಮೂವತ್ತು ಜನ ಸತ್ತರು. 333 ವರ್ಷ ನೀರಿನಡಿ ಇದ್ದದ್ದನ್ನು 1961ರಲ್ಲಿ ಮೇಲೆತ್ತಿದರು. ಬಾಲ್ಟಿಕ್ ನೀರಲ್ಲಿ ಉಪ್ಪು ಕಡಿಮೆ, ಹಾಗಾಗಿ ಮರ ಕೊರೆಯುವ ಹುಳ ಅಲ್ಲಿ ಬದುಕಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ಉಳಿದಿದೆ.

ಇದೆಲ್ಲ ನಾನು ಮೊದಲೇ ಓದಿಕೊಂಡಿದ್ದೆ. ಗೊತ್ತಿಲ್ಲದ್ದನ್ನು ಹೇಳಿದವಳು ಅಲ್ಲಿನ ಗೈಡ್. ಚಿಕ್ಕ ವಯಸ್ಸಿನ ಹುಡುಗಿ, ಒಂದು ಮಾತೂ ಬಾಯಿಪಾಠದ ಹಾಗೆ ಇರಲಿಲ್ಲ. ಹಡಗು ಹೊರಡುವ ಮೊದಲು, ಅರಮನೆಯ ಕೆಳಗೆ ಕಟ್ಟಿಹಾಕಿದ್ದಾಗಲೇ (ಬೆಳಿಗ್ಗೆ ನಾವು ನಿಂತಿದ್ದೆವಲ್ಲ, ಆ ಕಡೆಯೇ) ಒಂದು ಪರೀಕ್ಷೆ ಮಾಡಿದ್ದರಂತೆ. ಮೂವತ್ತು ಜನ ನಾವಿಕರು ಒಟ್ಟಿಗೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಬೇಕು, ಮತ್ತೆ ವಾಪಸ್. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ಹೊಯ್ದಾಡಿತೆಂದರೆ, ಅಡ್ಮಿರಲ್ ಫ್ಲೆಮಿಂಗ್ ಸಾಕು ನಿಲ್ಲಿಸಿ ಅಂದ. ಇನ್ನೊಂದು ಸಲ ಓಡಿದ್ದರೆ ದಂಡೆಯಲ್ಲೇ ಮಗುಚಿಕೊಳ್ಳುತ್ತಿತ್ತೋ ಏನೋ.

ಆಗ ಮಾವ ಕೈ ಎತ್ತಿದರು. ಆಫೀಸಿನ ಅದೇ ಗಂಭೀರ ಇಂಗ್ಲಿಷಿನಲ್ಲಿ, "ಪರೀಕ್ಷೆ ಫೇಲಾದ ಮೇಲೂ ಹೊರಡಬಹುದು ಅಂತ ಸಹಿ ಯಾರು ಹಾಕಿದ್ದು?" ಅಂತ ಕೇಳಿದರು.

ಹುಡುಗಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಬೇಡ ಅಂತ ಯಾರೂ ಹೇಳಲಿಲ್ಲ, ಅಷ್ಟೇ" ಅಂದಳು.

ಸಹಿ ಯಾರು ಹಾಕಿದ್ದು? ಬೇಡ ಅಂತ ಯಾರೂ ಹೇಳಲಿಲ್ಲ. ವಿಮಾನದಲ್ಲಿ ಕಣ್ಣು ಮುಚ್ಚಿದಾಗಲೂ ಇದೇ, ನಿನ್ನೆ ಅಡುಗೆಮನೆಯಲ್ಲಿ ನಿಂತಾಗಲೂ ಇದೇ.

ಹಡಗಿನ ತಳ ತೀರಾ ಕಿರಿದಾಗಿದೆ ಅಂತ ನಾವಿಕರ ಮೇಲಿನವನೊಬ್ಬ ಆವತ್ತೇ ಬಾಯಿ ಬಿಟ್ಟಿದ್ದನಂತೆ. ಕಟ್ಟಿದವನು ಹಿಂದೆಯೂ ಹಡಗು ಕಟ್ಟಿದ್ದಾನೆ, ನೀನು ಚಿಂತೆ ಮಾಡಬೇಡ ಅಂತ ಅಡ್ಮಿರಲ್ ಉತ್ತರ ಕೊಟ್ಟನಂತೆ. ಈ ಮಾತು ನಾವೆಲ್ಲರೂ ಕೇಳಿದ್ದೇ ಅಲ್ವಾ? ನಿನಗೇನು ಗೊತ್ತು, ಅವರು ಅನುಭವಸ್ಥರು. ಇಲ್ಲಿ ಆ ಅನುಭವಸ್ಥ ಹೆನ್ರಿಕ್ ಹಿಬರ್ಟ್‌ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಮುಳುಗಿದ ಮೇಲೆ ವಿಚಾರಣೆ ನಡೆಯಿತು. ಕ್ಯಾಪ್ಟನ್‌ನನ್ನು ಹಿಡಿದು ಕೂರಿಸಿದರು. ಅವನು ತೋಪು ಸರಿಯಾಗಿ ಕಟ್ಟಿದ್ದೆ ಅಂದ. ಹಡಗು ಕಟ್ಟಿದವರು, ಅಳತೆಗೆ ರಾಜನೇ ಒಪ್ಪಿದ್ದ ಅಂದರು. ಕೊನೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ಸತ್ತವರಲ್ಲಿ ಕೆಲವರ ಮೂಳೆಗಳು ಅಲ್ಲೇ ಕೆಳಗಿನ ಅಂತಸ್ತಿನಲ್ಲಿವೆ. ತಲೆಬುರುಡೆ ನೋಡಿ ಅವರ ಮುಖಗಳನ್ನೂ ಮಾಡಿಟ್ಟಿದ್ದಾರೆ. ಅವುಗಳ ಮುಂದೆ ನಿಂತಾಗ ನನಗೆ ಬಂದದ್ದು ಸಿಟ್ಟು. ಕುತೂಹಲಕ್ಕೆ ಓಡಾಡಿಸಿದ ಪರೀಕ್ಷೆಯಲ್ಲ ಅದು. ಗೊತ್ತಾಗಲಿ ಅಂತಲೇ ಮಾಡಿದ್ದು, ಗೊತ್ತೂ ಆಯಿತು, ಆಮೇಲೂ ಅಷ್ಟು ಜನರನ್ನು ಹತ್ತಿಸಿದರು. ಆವತ್ತು ನಾವಿಕರ ಹೆಂಡತಿ ಮಕ್ಕಳೂ ಸ್ವಲ್ಪ ದೂರ ಹೋಗಿ ಬರೋಣ ಅಂತ ಹತ್ತಿದ್ದರು.

ಸಂಜೆ ಟ್ರಾಮಿನಲ್ಲಿ ಮಾವ ತಾವಾಗಿಯೇ ಮಾತು ತೆಗೆದರು. "ನೋಡಮ್ಮ, ಒಂದು ಮೋರಿ ಕೆಲಸದ ಫೈಲಿಗೆ ನಾನು ಸಹಿ ಹಾಕಲಿಲ್ಲ. ಕಬ್ಬಿಣ ಕಡಿಮೆ ಹಾಕಿದ್ದರು. ಆರು ತಿಂಗಳೊಳಗೆ ವರ್ಗ ಮಾಡಿದರು. ನಿಮ್ಮತ್ತೆ ಸಾಮಾನು ಕಟ್ಟಿದ್ದೇ ಕಟ್ಟಿದ್ದು." ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಕಥೆ ನಾನು ಕೇಳಿಯೇ ಇರಲಿಲ್ಲ. ಊರೂರು ತಿರುಗಿದ್ದಕ್ಕೆ ಅತ್ತೆ ಗೊಣಗುವಾಗ ಮಾವ ಒಂದು ದಿನವೂ ಕಾರಣ ಹೇಳಿದವರಲ್ಲ. ನನಗೆ ಅವರ ಬಗ್ಗೆ ಗೌರವ ಮೊದಲೂ ಇತ್ತು, ಈಗ ಜಾಸ್ತಿಯಾಗಿದೆ. ಅತ್ತೆಯ ಬಗ್ಗೆ ಇನ್ನೂ ಜಾಸ್ತಿ. ಆ ಸಹಿ ಹಾಕದಿದ್ದದ್ದಕ್ಕೆ ಬೆಲೆ ಕೊಟ್ಟವರಲ್ಲಿ ಅವರೂ ಒಬ್ಬರು, ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮೈದುನ ಅಡ್ಮಿರಲ್ ಪರ ನಿಂತ. "ಅಪ್ಪ, ರಾಜ ಗುಸ್ತಾವ್ ಅಡಾಲ್ಫ್ ಇದ್ದದ್ದು ಯುದ್ಧದಲ್ಲಿ, ಪೋಲೆಂಡ್ ಕಡೆ. ಅಲ್ಲಿ ಕೂತು ಹಡಗು ಬೇಗ ಕಳಿಸಿ ಅಂತ ತಗಾದೆ ಮಾಡ್ತಿದ್ದ. ಆ ಮನುಷ್ಯ ಏನು ಮಾಡಬೇಕಿತ್ತು?"

ಮಾವ ಚಪಾತಿ ಮುರಿಯುತ್ತಾ, "ರಾಜನ ಕಾಗದ ಇಲ್ಲಿಗೆ ಬರ್ತಿತ್ತು ಅಂದ್ಮೇಲೆ ಇಲ್ಲಿಂದ ಅಲ್ಲಿಗೂ ಒಂದು ಹೋಗ್ತಿತ್ತಲ್ಲಪ್ಪ, ಪರೀಕ್ಷೆ ಫೇಲಾಗಿದೆ ಅಂತ ಎರಡು ಸಾಲು ಬರೀಬೇಕಿತ್ತು" ಅಂದರು.